ಸ್ವೆಟರ್ ಒಳಗಿನ ಡಬ್ಬಿ

ಹೃದಯ ತಪಾಸಣೆಯ ಕೋಣೆಯೆದುರು ಅಜ್ಜಿಯ ಸರದಿಗಾಗಿ ಫೋನ್ ಒತ್ತುತ್ತ ಕೂತಿದ್ದೆ. ಒಳಗಿಂದ ಒಬ್ಬಳು ತಾಯಿಯೊಂದಿಗೆ ಬಂದು ಪಕ್ಕದಲ್ಲೇ ಕುಳಿತಳು. ನಾಳೆಯವರೆಗೆ ಎದೆಬಡಿತ ದಾಖಲಿಸುವ ಪುಟ್ಟ ಡಬ್ಬಿಯನ್ನು ಅವಳ ಸೊಂಟಕ್ಕೆ ಆಗಷ್ಟೇ ಕಟ್ಟಿದ್ದರು.

“ಹೃದಯ ಗಟ್ಟಿಯಾಗಿದೆ ಅಂದ್ರಲ್ಲ ಡಾಕ್ಟ್ರು. ಇವತ್ತು ಸುಮ್ನೆ ಗಂಡನ ಮನೆಗೆ ಹೋಗು.”

“ಅವ್ರು ಬಾಗ್ಲು ತೆಗೆದ್ರೆ ಸಾಕು, ಎದೆ ಹೊಡ್ಕೊಳುತ್ತಮ್ಮ. ಕೈಯೆಲ್ಲ ಬೆವರುತ್ತೆ.”

“ಇದೊಂದು ರಾತ್ರಿ ಎದೆ ಬಿಗಿಹಿಡ್ಕೊ. ನಾಳೆ ಡಾಕ್ಟ್ರು ಡಬ್ಬಿ ನೋಡಿದ್ರೆ ಏನಂದ್ಕೊಂಡಾರು?”

“ಅದು ನನ್ ಮಾತು ಕೇಳಲ್ಲ. ಎದೆಗೆ, ಬೆವರಿಗೆ, ಹೊಟ್ಟೆಗೆ ಬೇರೆ ನರಗಳೇ ಇದಾವಂತೆ. ಕೆಲವು ‘ಓಡು’ ಅಂತಾವೆ, ಕೆಲವು ‘ಸಮಾಧಾನ’ ಅಂತಾವೆ.”

“ಸಮಾಧಾನದ್ದು ನಿಂಗೆ ಕೊಟ್ಟಿಲ್ವಾ ದೇವ್ರು?”

“ಕೊಟ್ಟಿದಾನೆ. ನಿಮ್ಮನೇಲಿ ಮಲಗಿದ್ರೆ ಚೆನ್ನಾಗೇ ಕೆಲ್ಸ ಮಾಡುತ್ತೆ. ಇಟ್ಕೋತೀಯಾ?”

“ಜನ ಏನಂತಾರೆ? ನಿಮ್ಮಪ್ಪನ ಜೊತೆ ನಾನು ಬಾಳ್ಲಿಲ್ವಾ?”

“ನಿಂಗೆ ಯಾರೂ ಡಬ್ಬಿ ಕಟ್ಟಿರ್ಲಿಲ್ಲ, ಅಷ್ಟೇ.”

ಹೊರಗೆ ಕಾರೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು.

“ಬಂದ್ರು,” ಎಂದಳು ಮಗಳು.

ಆದರೆ ಬೆಚ್ಚಿ ಮೊದಲು ಎದ್ದದ್ದು ತಾಯಿ. ಮಗಳ ಸ್ವೆಟರನ್ನು ಡಬ್ಬಿಯ ಮೇಲೆ ಎಳೆದು ಮುಚ್ಚಿದಳು.

“ಇದು ಅವರ ಕಣ್ಣಿಗೆ ಬೀಳ್ಬಾರ್ದು. ನಡಿ, ಕಾಯಿಸ್ಬೇಡ.”

ಇಬ್ಬರೂ ಸರಸರನೆ ಮೆಟ್ಟಿಲಿಳಿದರು.