ಕಾಣದ ಪಾಸ್‌ವರ್ಡ್

ಬೊಮ್ಮಸಂದ್ರದ ಬಸ್‌ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಲಕ್ಷ್ಮಯ್ಯನ ಪಕ್ಕದಲ್ಲೇ, ಔಷಧಿ ಕಾರ್ಖಾನೆಯ ಸಮವಸ್ತ್ರದಲ್ಲಿದ್ದ ಇಬ್ಬರು ಹುಡುಗಿಯರು ಹಳೆಯ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಕಪ್ಪು ಪರದೆಯ ಮೇಲೆ ಬರೀ ಬಿಳಿ ಅಕ್ಷರ. ಬೇಡವೆಂದರೂ ಅವರ ಮಾತು ಅವನ ಕಿವಿಗೆ ಬೀಳುತ್ತಿತ್ತು.

“ಬಿಂದು, ನಿನ್ನ ಫೋನಿನ ವೈಫೈ ಪಾಸ್‌ವರ್ಡ್ ಕೇಳಾಕತ್ತೈತಿ.”

“ಹೊಡಿ ಮತ್ತೆ.”

“ಒತ್ತಿದ್ರೂ ಒಂದಕ್ಷರ ಕಾಣವಲ್ದು. ಅದಕ್ಕ ಎರಡೆರಡು ಸಲ ಒತ್ತಿದೆ, ತಪ್ಪು ಅನ್ನಾಕತ್ತೈತಿ.”

“ಅಯ್ಯೋ ಸವಿತಾ, ಅದಕ್ಕೇ ತಪ್ಪು ಅಂತಿರೋದು! ಕಾಣಲ್ಲ ಕಣೇ, ಆದ್ರೆ ಒಳಗೆ ಹೋಗ್ತಿರತ್ತೆ. ಕೊಡಿಲ್ಲಿ, ನಾನ್ ಹೊಡೀತೀನಿ.”

“ಬ್ಯಾಡ. ನಾಳೆ ಸರ್ವರ್ ರೂಮ್ ಕೆಲಸದ ಟೆಸ್ಟಿನಾಗ ನೀ ಇರ್ತೀಯೇನು? ಮೌಸ್ ಮುಟ್ಟದ, ಬರೇ ಕಮಾಂಡ್ ಹೊಡದು ವೈಫೈ ಹಾಕಬೇಕಂತ.”

“ಸರಿ, ಪ್ಯಾಕಿಂಗಲ್ಲಿ ಮಾತ್ರೆ ಡಬ್ಬಿಗೆ ತುಂಬೋವಾಗ ಕೈ ನೋಡ್ಕೊಂಡು ತುಂಬ್ತೀಯಾ?”

“ಇಲ್ಲ.”

“ಇದೂ ಹಾಗೇ. ಕೈನ ನಂಬು.”

ಸವಿತಾ ಕಣ್ಣು ಮುಚ್ಚಿ, ಒಂದೊಂದೇ ಅಕ್ಷರ ಒತ್ತಿದಳು. ಲಕ್ಷ್ಮಯ್ಯನೂ ಉಸಿರು ಬಿಗಿಹಿಡಿದ.

“ಕನೆಕ್ಟ್ ಆತು!”

“ಬಸ್ಸೂ ಬಂತು, ಏಳೇ.”

“ತಡಿ, ಕನೆಕ್ಷನ್ ತಗದು ಬರ್ತೀನಿ.”

“ಯಾಕೇ? ಈಗ ತಾನೇ ಆಗಿದ್ದು!”

ತೆರೆದ ಲ್ಯಾಪ್‌ಟಾಪನ್ನು ಎದೆಗೊತ್ತಿಕೊಂಡು ಸವಿತಾ ಬಸ್ಸಿನ ಮೆಟ್ಟಿಲೇರಿದಳು.

“ಬಸ್ಸಿನಾಗ ನಿಂತು ಮತ್ತ ಮೊದಲಿಂದ ಹಾಕಾಕ ಬಂದ್ರ, ನಾಳೆ ಕುಂತು ಹಾಕೂದೇನ್ ದೊಡ್ಡದು?”