ತೊಟ್ಟಿಲ ಹಗ್ಗಕ್ಕೆ ಎಣ್ಣೆ ಬಿಟ್ಟವಳು

ಹೂಂ ಅನ್ನೋರು ಯಾರಿದ್ದೀರ? ಹೂಂ ಅನ್ನೋರಿದ್ರೆ ಹೇಳ್ತೀನಿ. ಇಲ್ಲದಿದ್ರೆ ಎಲೆಅಡಿಕೆ ಹಾಕ್ಕೊಂಡು ಸುಮ್ನೆ ಕೂತ್ಕೋತೀನಿ. ಮೊದಲೇ ಹೇಳಿಬಿಡ್ತೀನಿ, ಇದು ನಗೋ ಕಥೆ ಅಲ್ಲ. ನಗಬೇಕು ಅನ್ನೋರು ಈಗಲೇ ಎದ್ದು ಹೋಗಿ.

ಹೆಸರು ಮರೆತುಹೋದ ಒಂದು ಸೀಮೆ. ಆ ಸೀಮೇಲಿ ಒಂದೂರು. ಆ ಊರಲ್ಲಿ ಸಣ್ಣತಾಯಿ ಅಂತ ಒಬ್ಬಳು. ಉಪ್ಪು ತರ್ತೀನಿ ಅಂತ ಘಟ್ಟ ಇಳಿದ ಗಂಡ ಜ್ವರ ಬಂದು ಅಲ್ಲೇ ತೀರ್ಕೊಂಡ. ಅವನು ಹೋದ ಮೇಲೆ ಒಂದು ಹೆಣ್ಣುಕೂಸು ಹುಟ್ಟಿತು.

ಆ ಕೂಸಿಗೊಂದು ಕಾಯಿಲೆ. ಅತ್ತರೆ ಉಸಿರು ಕಟ್ಟೋದು. ತುಟಿ ನೀಲಿಯಾಗೋದು. ಸೂಲಗಿತ್ತಿ ಹೊನ್ನವ್ವ ಮಡಿಲಲ್ಲಿ ಹಾಕ್ಕೊಂಡು ನೋಡಿದಳು.

"ಹಲ್ಲು ಹುಟ್ಟೋವರೆಗೂ ಇದನ್ನ ಅಳೋಕೆ ಬಿಡಬೇಡ ಕಣವ್ವ. ಹಲ್ಲು ಬಂತು ಅಂದ್ರೆ ಗಟ್ಟಿಯಾಗ್ತದೆ. ಅಲ್ಲೀತನಕ ನಿನ್ನ ಪುಣ್ಯ" ಅಂದಳು.

ಕೂಸು ಅಳದೆ ಇರ್ತಿದ್ದದ್ದು ಎಲ್ಲಿ? ತೊಟ್ಟಿಲಲ್ಲಿ. ತೂಗ್ತಾ ಇದ್ರೆ ನಿದ್ದೆ, ನಿಂತರೆ ಅಳು.

ಕೇಳ್ರವ್ವ, ತೊಟ್ಟಿಲು ಎಷ್ಟು ಹೊತ್ತು ತೂಗ್ತದೆ? ಒಂದ್ಸಲ ದೂಡಿ ನೋಡಿ. ಆಚೆ ಹೋಗ್ತದೆ, ಈಚೆ ಬರ್ತದೆ. ಆಮೇಲೆ ಆಚೆಗೂ ಚೂರು ಕಮ್ಮಿ, ಈಚೆಗೂ ಚೂರು ಕಮ್ಮಿ. ತೊಲೆ ಮೇಲೆ ಹಗ್ಗ ಕಿರ್ ಕಿರ್ ಅಂತದೆ. ಕಡೆಗೆ ನಿಂತುಬಿಡ್ತದೆ. ಯಾರೂ ಹಿಡಿಯಲಿಲ್ಲ, ಯಾರೂ ತಡೆಯಲಿಲ್ಲ, ತಾನಾಗಿ ನಿಲ್ತದೆ. ಸಣ್ಣತಾಯಿ ಮತ್ತೆ ದೂಡಬೇಕು. ಒಂದು ಕೈಲಿ ಗಂಜಿ ಕದಡ್ತಾ ಇನ್ನೊಂದು ಕೈಲಿ ದೂಡಿದಳು. ಕೂತು ದೂಡಿದಳು, ನಿಂತು ದೂಡಿದಳು, ತೂಕಡಿಸ್ತಾ ದೂಡಿದಳು.

ಕಡೆಗೆ ಕೂಸನ್ನ ಕಂಕುಳಲ್ಲಿ ಕುಲುಕಿಸ್ತಾ ಓರಗಿತ್ತಿ ಮನೆಗೆ ಹೋದಳು.

"ಅಕ್ಕಾ, ಒಂದ್ಗಳಿಗೆ ಬಂದು ತೊಟ್ಟಿಲು ತೂಗು. ನಾನು ಕಣ್ಣು ಮುಚ್ಚಿ ಎದ್ದುಬಿಡ್ತೀನಿ."

"ಬರ್ತಿದ್ದೆ ಕಣೆ. ಅವರೆಕಾಯಿ ರಾಶಿ ಬಿದ್ದದೆ, ನೋಡು. ಒಂದು ಮಾತು ಹೇಳ್ಲಾ? ನೀನು ಮೆಲ್ಲಗೆ ದೂಡ್ತೀಯ. ಜೋರಾಗಿ ದೂಡು. ಹೆಚ್ಚು ಹೊತ್ತು ತೂಗ್ತದೆ."

ಸಣ್ಣತಾಯಿ ಬಂದು ಜೋರಾಗಿ ದೂಡಿದಳು. ತೊಟ್ಟಿಲು ಗೋಡೆ ಮುಟ್ಟೋ ಹಾಗೆ ಹೋಯ್ತು. ಚೂರು ಹೆಚ್ಚು ಹೊತ್ತು ತೂಗಿತು. ಆಮೇಲೆ? ಕಿರ್ ಕಿರ್, ನಿಂತಿತು.

ಬಡಗಿ ಕಾಳಾಚಾರಿ ಹತ್ರ ಹೋದಳು.

"ಅಣ್ಣಯ್ಯ, ಅತ್ತಿಗೇನ ಒಂದ್ಗಳಿಗೆ ಕಳಿಸಿ. ತೊಟ್ಟಿಲು ತೂಗಲಿ. ನಾನು ಕಣ್ಣು ಮುಚ್ಚಿ ಎದ್ದುಬಿಡ್ತೀನಿ."

"ಕಳಿಸ್ತಿದ್ದೆ ತಾಯಿ. ಮನೇಲಿ ನೆಂಟರು ಬಂದವ್ರೆ. ಒಂದು ಮಾತು ಹೇಳ್ಲಾ? ನಿನ್ನ ತೊಟ್ಟಿಲು ಹಗುರ, ಗಾಳಿಗೇ ಸೋಲ್ತದೆ. ಅಡೀಲಿ ಒಂದು ಕಲ್ಲಿಡು. ಭಾರದ್ದು ಒಮ್ಮೆ ಹೊರಟ್ರೆ ಬೇಗ ನಿಲ್ಲಲ್ಲ."

ಸಣ್ಣತಾಯಿ ಕೌದಿ ಕೆಳಗೆ ಚಪ್ಪಟೆ ಕಲ್ಲು ಇಟ್ಟಳು. ದೂಡೋಕೆ ಹೋದ್ರೆ ರಟ್ಟೆ ಬಿದ್ದುಹೋಯ್ತು. ಇನ್ನೊಂಚೂರು ಹೆಚ್ಚು ಹೊತ್ತು ತೂಗಿತು. ಆಮೇಲೆ? ಕಿರ್ ಕಿರ್, ನಿಂತಿತು.

ಗಾಡಿ ಹೊಡೆಯೋ ತಿಮ್ಮಣ್ಣನ ಹತ್ರ ಹೋದಳು. ಈ ಸಲ ತೂಗೋಕೆ ಯಾರನ್ನೂ ಕರೀಲಿಲ್ಲ, ತೊಟ್ಟಿಲು ನಿಂತುಹೋಗ್ತದೆ ಅಂತಷ್ಟೇ ಹೇಳಿದಳು. ತಿಮ್ಮಣ್ಣ ಕೇಳಿದ.

"ಹಗ್ಗ ಕಿರ್ ಅಂತದಾ? ಹಂಗಾದ್ರೆ ನಿಲ್ಲಿಸ್ತಿರೋದು ಅದೇ. ನಾನೇ ಬಂದು ನೋಡ್ತಿದ್ದೆ, ಎತ್ತಿಗೆ ನೀರು ತೋರಿಸ್ಬೇಕು. ಉಜ್ಜೋ ಕಡೆ ಹರಳೆಣ್ಣೆ ಬಿಡವ್ವ. ನನ್ನ ಗಾಡಿ ಅಚ್ಚಿಗೆ ಬಿಡ್ತೀನಲ್ಲ, ಚಕ್ರ ಸದ್ದೇ ಇಲ್ಲದೆ ತಿರುಗ್ತದೆ."

ಈಗ ಹೇಳಿ, ಇವರಲ್ಲಿ ಸುಳ್ಳು ಹೇಳಿದೋರು ಯಾರು? ಯಾರೂ ಇಲ್ಲ. ಎಲ್ಲಾರೂ ನಿಜವನ್ನೇ ಹೇಳಿದ್ರು. ಅದೇ ನನಗೆ ಸಂಕಟ.

ಸಣ್ಣತಾಯಿ ಒರಳು ಹತ್ತಿ ನಿಂತು, ತೊಲೆ ಮೇಲೆ ಹಗ್ಗ ಸುತ್ತಿದ ಕಡೆ ಹರಳೆಣ್ಣೆ ಬಿಟ್ಟಳು. ಕೂಸನ್ನ ಮಲಗಿಸಿ, ಇದ್ದ ಶಕ್ತಿಯೆಲ್ಲ ಕೂಡಿಸಿ ದೂಡಿದಳು. ಕಿರ್ ಅನ್ನಲಿಲ್ಲ. ಆಚೆ ಹೋಯ್ತು, ಈಚೆ ಬಂತು, ನಿಲ್ಲೋ ಹಾಗೇ ಕಾಣಲಿಲ್ಲ. ಕೂಸು ನಿದ್ದೇಲಿ ನಕ್ಕಿತು. ಸಣ್ಣತಾಯಿ ಗೋಡೆಗೆ ಬೆನ್ನು ಕೊಟ್ಟಳು. ಎಷ್ಟು ಕಾಲ ಆಗಿತ್ತೋ ಏನೋ, ಕಣ್ಣು ಮುಚ್ಚಿದಳು.

ಎಣ್ಣೆ ಹಗ್ಗದ ಮೇಲೆ ಹರಿದು ಗಂಟಿನೊಳಕ್ಕೆ ಇಳಿದಿತ್ತು. ಜೋರಾಗಿ ದೂಡಿದ ತೊಟ್ಟಿಲು, ಅದರೊಳಗೆ ಕಲ್ಲಿನ ಭಾರ, ಮೇಲೆ ಎಣ್ಣೆ ಕುಡಿದ ಗಂಟು. ಗಂಟು ಜಾರಿತು.

ಸದ್ದು ಕೇಳಿ ಊರೇ ಓಡಿಬಂತು. ತೊಟ್ಟಿಲು ಎತ್ತೋಕೆ ಓರಗಿತ್ತಿ ಕೈ ಹಾಕಿದಳು. ಕಲ್ಲು ತೆಗೆಯೋಕೆ ಕಾಳಾಚಾರಿ ಕೈ ಹಾಕಿದ. ನೆಲದ ಎಣ್ಣೆ ಒರೆಸೋಕೆ ತಿಮ್ಮಣ್ಣ ಕೈ ಹಾಕಿದ. ಅವತ್ತು ಕೈಗೆ ಬರ ಇರಲಿಲ್ಲ ಆ ಮನೇಲಿ. ಹೊನ್ನವ್ವ ಕೂಸಿನ ಬಾಯಿ ಒರೆಸಿದಳು. ಒರೆಸ್ತಾ ಒರೆಸ್ತಾ ಅವಳ ಬೆರಳು ನಿಂತಿತು. ವಸಡಿನ ಮೇಲೆ ಅಕ್ಕಿ ನುಚ್ಚಿನಷ್ಟು ಹಲ್ಲು ಬಂದಿತ್ತು. ಹೊನ್ನವ್ವ ಅದನ್ನ ತಾಯಿಗೆ ಹೇಳಲಿಲ್ಲ.

ಕೂಸನ್ನ ಮಣ್ಣು ಮಾಡಿ ಎಲ್ಲಾರೂ ಹೋದ ಮೇಲೆ ಸಣ್ಣತಾಯಿ ಹಗ್ಗ ಹಿಡ್ಕೊಂಡು ಕೇಳಿದಳು. "ಇಷ್ಟು ದಿನ ಹಿಡಿದಿದ್ಯಲ್ಲ, ಇವತ್ತು ಯಾಕೆ ಬಿಟ್ಟೆ?"

ಹಗ್ಗ ಹೇಳಿತಂತೆ, "ನನಗೆ ಕೈಯಿಲ್ಲ, ಉಗುರಿಲ್ಲ ತಾಯಿ. ಉಜ್ಜಿಕೊಂಡೇ ಹಿಡ್ಕೋತಿದ್ದೆ. ಆ ಕಿರ್ ಅನ್ನೋದು ನಾನು ಹಿಡಿದಿರೋ ಸದ್ದು. ತೊಟ್ಟಿಲನ್ನ ನಿಲ್ಲಿಸ್ತಿದ್ದದ್ದೂ ನಾನೇ, ಬೀಳದ ಹಾಗೆ ಕಾಯ್ತಿದ್ದದ್ದೂ ನಾನೇ. ನಿಲ್ಲಿಸೋದು ಯಾರು ಅಂತ ನೀನು ಊರೆಲ್ಲ ಕೇಳಿದೆ. ಕಾಯೋದು ಯಾರು ಅಂತ ನೀನೂ ಕೇಳಲಿಲ್ಲ, ಅವರೂ ಹೇಳಲಿಲ್ಲ."

ಸಣ್ಣತಾಯಿ ಬರೀ ಗಾಳೀಲಿ ಕೈ ಆಡಿಸ್ತಾ ಕೂತಳು. ಆಚೆ, ಈಚೆ. ಸಾಯೋತನಕ ಆ ಕೈ ನಿಲ್ಲಲಿಲ್ಲವಂತೆ.

ಅವಳ ಕಥೆ ಅವಳ ಮನೇಲಿ ಉಳೀತು, ನನ್ನ ಮಾತು ನಿಮ್ಮ ಮನೆಗೆ ಬಂತು. ಹೂಂ ಅಂದೋರ ಮನೆ ತೊಲೆ ಗಟ್ಟಿಯಾಗಿರಲಿ, ಗಂಟು ಬಿಗಿಯಾಗಿರಲಿ. ಅಗೋ, ಆ ಕಡೆ ಮನೇಲಿ ಯಾರದೋ ಕೂಸು ಅಳ್ತಾ ಇದೆ. ಏಳ್ರವ್ವ. ಹೋಗಿ ಬುದ್ಧಿ ಹೇಳ್ಬೇಡಿ. ಒಂದ್ಗಳಿಗೆ ತೂಗಿ ಬನ್ನಿ.