ನಾನು ಮನಸ್ಸನ್ನು ಗೆದ್ದವಳಲ್ಲ

ಅಧ್ಯಕ್ಷ ಸ್ಥಾನದಲ್ಲಿರುವ ಪೂಜ್ಯ ಸ್ವಾಮಿಗಳೇ, ಅಫಜಲಪುರದಿಂದ ಬಂದ ಅತಿಥಿಗಳೇ, ಜೇವರ್ಗಿಯ ನಮ್ಮ ವೇದಾಂತ ಮಂಡಳಿಯ ಹಿರಿಯರೇ, ಅವರಲ್ಲೊಬ್ಬರಾದ ನನ್ನ ಯಜಮಾನರೇ, ಪರದೆಯ ಆಚೆ ಕುಳಿತ ತಾಯಂದಿರೇ, ಸಭಿಕರೇ,

ಈ ಸಭೆಗೆ ನಿಜಾಮ ಸರಕಾರದ ಪರವಾನಗಿ ಸಿಕ್ಕಿದೆಯಂತೆ. ನನ್ನ ಮಾತಿಗೆ ನಾನು ಯಾರ ಪರವಾನಗಿಯನ್ನೂ ಕೇಳಿಲ್ಲ. ಈ ಗುರುಬಾಯಿ ಮನಸ್ಸನ್ನು ಗೆದ್ದವಳು, ಮಗಳು ತೀರಿದ ದಿನವೂ ಕಣ್ಣೀರು ಹಾಕಲಿಲ್ಲ ಎಂದು ನನ್ನನ್ನು ಸನ್ಮಾನಕ್ಕೆ ಕರೆದು ಹೊಗಳಿದಿರಿ. ಸುಳ್ಳು! ಆ ದಿನ ನಾನು ಗೆಲ್ಲಲಿಲ್ಲ. ನೀವು ನನ್ನ ಬಾಯಿ ಮುಚ್ಚಿಸಿದಿರಿ.

ನನ್ನ ಅಮೃತಾ ಇನ್ನೂ ಚಿಕ್ಕವಳು. ಊರಿಗೆ ಕಾಲರಾ ಬಂದಿತ್ತು. ಬೆಳಗಿಗೆ ಹೋದಳು, ಮಧ್ಯಾಹ್ನಕ್ಕೆ ಮಣ್ಣು ಮಾಡಿ ಬಂದರು. ನಾವು ಲಿಂಗವಂತರು, ನಮ್ಮಲ್ಲಿ ಸೂತಕವಿಲ್ಲ; ನಮ್ಮ ಅಂಗಳದ ಸಂಜೆಯ ಪ್ರವಚನ ನಿಲ್ಲಲಿಲ್ಲ. ನಾನು ಗೋಡೆಗೆ ತಲೆಯಿಟ್ಟು ನಿಂತಾಗ ಯಜಮಾನರು ಒಳಗೆ ಬಂದು, "ಅಳಬ್ಯಾಡ. ಸತ್ತಾಕಿ ತಿರಗಿ ಬರಂಗಿಲ್ಲ. ಈ ಕ್ಷಣ ಅಷ್ಟ ಖರೇ. ಮಂದಿ ಕುಂತಾರ, ಬಡಸು," ಎಂದರು. ಬಡಿಸಿದೆ. ಹುಗ್ಗಿಗೆ ತುಪ್ಪ ಬೇಕೇ ಎಂದೂ ಕೇಳಿದೆ. ನೀವು ಉಂಡಿರಿ! ಉಂಡು ಕೈ ತೊಳೆದು, "ಎಂಥಾ ಸ್ಥಿತಪ್ರಜ್ಞೆ!" ಎಂದಿರಿ.

ಈ ಕ್ಷಣವಂತೆ! ಅಂದಿನಿಂದ ನನಗೆ ಈ ಕ್ಷಣ ಎಂಬುದೇ ಇರಲಿಲ್ಲ. ರೊಟ್ಟಿ ಬಡಿಯುವಾಗಲೂ, ಪ್ರವಚನ ಕೇಳುವಾಗಲೂ ನಾನು ಅದೇ ಪಂಕ್ತಿಯಲ್ಲಿ ಬಡಿಸುತ್ತಲೇ ನಿಂತಿದ್ದೆ. ಹೀಗೆ ವರ್ಷಗಳೇ ಕಳೆದವು.

ಹೋದ ಬೇಸಿಗೆಯಲ್ಲಿ ನೆರೆಮನೆಯ ನಜಮುನ್ನಿಸಾ ಮಜ್ಜಿಗೆ ಕೇಳಲು ಬಂದವಳು, ನನ್ನ ಮುಖ ನೋಡಿ ಕುಳಿತುಬಿಟ್ಟಳು. "ಅಕ್ಕಾ, ನಿಮ್ಮ ಅಮೃತಾ ನಮ್ಮ ಕೋಳಿಮರಿ ಹಿಡದು ಹೆಸರಿಡತಿದ್ದಳು, ನೆಪ್ಪೈತೇನ್ರಿ?" ಅಷ್ಟು ವರ್ಷಗಳಲ್ಲಿ ನನ್ನೆದುರು ಮಗಳ ಹೆಸರೆತ್ತಿದವಳು ಅವಳೊಬ್ಬಳೇ. ನಾನು ನೆಲ ಬಡಿದು ಅತ್ತೆ. ಯಜಮಾನರು ಓಡಿ ಬಂದರು. ಬೈಯುತ್ತಾರೆಂದುಕೊಂಡೆ. ಅವರು ಹೊಸ್ತಿಲಲ್ಲೇ ಕುಸಿದು, "ಒಂದ ಮರಿಗೆ ನನ್ನ ಹೆಸರಿಟ್ಟಿದ್ದಳು, ತುಂಟ ಖೋಡಿ," ಎಂದು ತಾವೂ ಅತ್ತರು. ತಲೆ ತಗ್ಗಿಸಬೇಡಿ, ಯಜಮಾನರೇ. ನೀವು ವೇದಾಂತಿಯಾದದ್ದು ಅಂದೇ.

ಅತ್ತು ಮುಗಿದ ಮೇಲೆ ಹೊರಗೆ ಎಮ್ಮೆ ಮೆಲುಕು ಹಾಕುವುದು ಕೇಳಿಸಿತು. ಮಜ್ಜಿಗೆಯ ಹುಳಿ ವಾಸನೆ ಮೂಗಿಗೆ ಬಂತು. ಆ ಕ್ಷಣದಲ್ಲಿ ನಾನು ನಿಜವಾಗಿ ಇದ್ದೆ. ಮನಸ್ಸನ್ನು ಸಾಕ್ಷಿಯಾಗಿ ನೋಡು ಎನ್ನುತ್ತದೆ ವೇದಾಂತ. ನೋಡುವುದಕ್ಕೆ ದುಃಖ ಎದುರಿಗೆ ಬರಬೇಡವೇ? ಬಾಯಿಗೆ ಸೆರಗು ತುರುಕಿದರೆ ಮನಸ್ಸನ್ನು ಗೆದ್ದಂತಾಯಿತೇ?

ಇಷ್ಟು ಸಿಟ್ಟೇಕೆ ಎನ್ನುವಿರಾ? ಈ ವಾರ ನಮ್ಮ ಓಣಿಯ ಸುಂದರಬಾಯಿಯ ಮಗ ಜ್ವರದಿಂದ ತೀರಿಕೊಂಡ. ಮಂಡಳಿಯ ಹಿರಿಯರು ಆಕೆಯ ಮನೆಗೆ ಹೋಗಿ, "ಗುರುಬಾಯಿನ್ನ ನೋಡಿ ಕಲಿಯವ್ವಾ, ಅಳಬ್ಯಾಡ," ಎಂದು ಹೇಳಿ ಬಂದಿದ್ದಾರೆ. ನನ್ನ ಹೆಸರು ಹೇಳಿ! ಆಕೆ ಒಣಗಣ್ಣಿನಿಂದ ಗೋಡೆ ನೋಡುತ್ತ ಕುಳಿತಿದ್ದಾಳೆ.

ಸನ್ಮಾನ ಮಾಡಬೇಕೆಂದ ನಿಮ್ಮ ಪ್ರೀತಿಗೆ ವಂದನೆ, ಸನ್ಮಾನ ಬೇಡ. ನಾನೀಗ ಸುಂದರಬಾಯಿಯ ಮನೆಗೆ ಹೊರಟಿದ್ದೇನೆ. ತೀರಿಕೊಂಡ ಆಕೆಯ ಮಗನ ಹೆಸರು ಭಗವಂತ; ಆ ಹೆಸರನ್ನು ಆಕೆಯೆದುರು ಎತ್ತುತ್ತೇನೆ. ಬರುವ ತಾಯಂದಿರು ಬನ್ನಿ. ಗಂಡಸರೂ ಬರಬಹುದು, ಪ್ರವಚನ ಮಾತ್ರ ಇಲ್ಲಿಯೇ ಬಿಟ್ಟು ಬನ್ನಿ.

ಎಲ್ಲರಿಗೂ ನಮಸ್ಕಾರ.